ಡೈನೋ ಟ್ಯೂನಿಂಗ್: ಲಾಭ ಚಾರ್ಟಿನಲ್ಲಿಲ್ಲ, ಮ್ಯಾಪ್ ನನ್ನ ಕೈಲಿಲ್ಲ

ಡೈನೋ ಟ್ಯೂನಿಂಗ್ (ಬೈಕನ್ನು ಶಕ್ತಿ ಅಳೆಯುವ ಯಂತ್ರದ ಮೇಲೆ ಓಡಿಸಿ, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ಹೊಂದಿಸುವುದು) ಮಾಡಿಸಿದ್ದೀನಿ ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಎಚ್‌ಪಿ ಜಾಸ್ತಿ ಆಯ್ತು?" ಎರಡು ಚಿಲ್ಲರೆ. ಅಷ್ಟಕ್ಕೇ ಆಗಿದ್ದರೆ ನಾನು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನನ್ನ ಸಮಸ್ಯೆ ಬೇರೆ. ಬಿಎಸ್4 (ಹಿಂದಿನ ಹೊಗೆ ಮಾಲಿನ್ಯ ನಿಯಮ) ಕಾಲದ ಸಿಂಗಲ್ ಸಿಲಿಂಡರ್ ಬೈಕು, 3,500 ಆರ್‌ಪಿಎಂ ಕೆಳಗೆ ಬಂದರೆ ಸಾಕು, ಜರ್ಕ್ ಹೊಡೆಯೋದು. ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಹಾಫ್ ಕ್ಲಚ್‌ನಲ್ಲೇ ಹೋಗಿ ಹೋಗಿ ಎಡಗೈ ಮಣಿಕಟ್ಟು ನೋಯುತ್ತಿತ್ತು.

ಈಗ ಅದೇ ರಸ್ತೆಯಲ್ಲಿ ಸೆಕೆಂಡ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಬಿಎಂಟಿಸಿ ಬಸ್ಸಿನ ಹಿಂದೆ ತೆವಳಿಕೊಂಡು ಹೋಗುತ್ತೇನೆ. ಥ್ರಾಟಲ್ ಕೂದಲೆಳೆಯಷ್ಟು ತಿರುಗಿಸಿದರೆ ಅಷ್ಟೇ ಮುಂದೆ ಹೋಗುತ್ತದೆ, ಬಿಟ್ಟರೆ ತಲೆ ಮುಂದಕ್ಕೆ ಬಾಗುವುದಿಲ್ಲ. ಹಂಪ್ ದಾಟುವಾಗ ಹಿಂದೆ ಕೂತ ಹೆಂಡತಿಯ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅನ್ನುವುದು ನಿಂತಿದೆ. ಮುದ್ರಿಸಿಕೊಟ್ಟ ಚಾರ್ಟಿನಲ್ಲಿ ಇದರ ಗೆರೆಯೇ ಇಲ್ಲ; ಅದರಲ್ಲಿರುವುದು ಫುಲ್ ಥ್ರಾಟಲ್ ಎಳೆತ ಮಾತ್ರ. ದಿನಾ ಆಫೀಸಿಗೆ ಹೋಗುವ ನನ್ನಂಥವನು ಶೇ. 15ಕ್ಕಿಂತ ಹೆಚ್ಚು ಥ್ರಾಟಲ್ ತಿರುಗಿಸುವುದೇ ಅಪರೂಪ.

ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ: ಡೈನೋಗೆ ಬ್ರೇಕ್ ಇದೆಯೇ? ಬರೀ ಭಾರದ ಡ್ರಮ್ ತಿರುಗುವ ಇನರ್ಷಿಯಾ ಡೈನೋದಲ್ಲಿ ಕೆಳಗಿಂದ ಮೇಲಕ್ಕೆ ಒಂದು ಎಳೆತ ಎಳೆದು ಎಚ್‌ಪಿ ತೋರಿಸುತ್ತಾರೆ, ಮುಗಿಯಿತು. ಡ್ರಮ್ಮಿಗೆ ಎಡ್ಡಿ ಕರೆಂಟ್ ಬ್ರೇಕ್ (ಕಾಂತಶಕ್ತಿಯಿಂದ ತಡೆಯುವಂಥದ್ದು) ಇದ್ದರೆ ಬೈಕನ್ನು ಶೇ. 10 ಥ್ರಾಟಲ್, 3,000 ಆರ್‌ಪಿಎಂನಲ್ಲೇ ಹಿಡಿದು ನಿಲ್ಲಿಸಬಹುದು. ನನ್ನದಕ್ಕೆ ಮಾಡಿದ್ದು ಹಾಗೆ. ಹಿಂದಿನ ಚಕ್ರ ಡ್ರಮ್ ಮೇಲೆ, ನಾಲ್ಕೂ ಕಡೆ ಬೆಲ್ಟ್ ಬಿಗಿದು, ರೇಡಿಯೇಟರ್ ಎದುರು ದೊಡ್ಡ ಫ್ಯಾನ್, ಸೈಲೆನ್ಸರ್ ಬಾಯೊಳಗೆ ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್. ಹುಡುಗ ಲ್ಯಾಪ್‌ಟಾಪ್‌ನಲ್ಲಿ ಮ್ಯಾಪ್ (ಯಾವ ಆರ್‌ಪಿಎಂ, ಎಷ್ಟು ಥ್ರಾಟಲ್‌ಗೆ ಎಷ್ಟು ಪೆಟ್ರೋಲ್ ಅನ್ನುವ ಕೋಷ್ಟಕ) ತೆರೆದು ಒಂದೊಂದೇ ಚೌಕದಲ್ಲಿ ಎರಡೋ ಮೂರೋ ಪರ್ಸೆಂಟ್ ಪೆಟ್ರೋಲ್ ಸೇರಿಸುತ್ತ, ಎಂಜಿನ್ ತಣ್ಣಗಾಗಲು ಬಿಡುತ್ತ, ಅರ್ಧ ದಿನ ಕೂತ. ತಾಳ್ಮೆಗೆ ಹ್ಯಾಟ್ಸಾಫ್.

ಇನ್ನೊಂದು ವಿಷಯ, ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಕಂಪನಿಯ ಒ2 ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ನೋಡುವಂಥದ್ದು) ಹಾಗೇ ಇದ್ದರೆ, ಕಡಿಮೆ ಥ್ರಾಟಲ್‌ನಲ್ಲಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮಿಶ್ರಣವನ್ನು ಮತ್ತೆ ಲ್ಯಾಂಬ್ಡಾ 1ಕ್ಕೇ, ಅಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇರುವ ಮಟ್ಟಕ್ಕೇ, ಎಳೆದು ತರುತ್ತದೆ. ಟ್ಯೂನಿಂಗ್‌ಗೆಂದು ಇಸಿಯು ಜೊತೆ ಜೋಡಿಸುವ ಪಿಗ್ಗಿಬ್ಯಾಕ್ ಪೆಟ್ಟಿಗೆ ಸೇರಿಸಿದ್ದನ್ನು ಅದು ಕಳೆಯುತ್ತದೆ. ಆ ಸಿಗ್ನಲ್ ಸಂಭಾಳಿಸಲು ಬೇರೆ ಮಾಡ್ಯೂಲ್ ಬೇಕು, ದುಡ್ಡೂ ಬೇರೆ. ಎಲ್ಲ ಸೇರಿ ನನ್ನ ಒಂದು ತಿಂಗಳ ಮನೆ ಬಾಡಿಗೆ ದಾಟಿತು. ಮೈಲೇಜ್ ಲೀಟರಿಗೆ ಎರಡು ಕಿ.ಮೀ. ಇಳಿದಿದೆ; ಮಣಿಕಟ್ಟಿನ ನೋವಿಗೆ ಹೋಲಿಸಿದರೆ ನನಗೆ ಪರವಾಗಿಲ್ಲ.

ಚಾರ್ಟಿನ ಎಚ್‌ಪಿ ನೋಡಿ ಹಿಗ್ಗಬೇಡಿ. ಅದರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಎಸ್‌ಎಇ' ಅಂತಿರುತ್ತದೆ, ಅಂದರೆ ಹವೆಗೆ ತಕ್ಕಂತೆ ಅಂಕಿ ತಿದ್ದುವ ಒಂದು ಮಾನದಂಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ. 10 ಕಡಿಮೆ. ಅಷ್ಟನ್ನು ಲೆಕ್ಕದಲ್ಲಿ ಸೇರಿಸಿ ಅಂಕಿ ಕೊಡುತ್ತಾರೆ. ಮೋಸ ಅಲ್ಲ, ಪದ್ಧತಿ. ಆದರೆ ಆ ಎಚ್‌ಪಿ ನಿಜವಾಗಿ ಬೇಕು ಅಂದರೆ ಶಿರಾಡಿ ಘಾಟ್ ಇಳಿದು ಮಂಗಳೂರಿಗೇ ಹೋಗಬೇಕು.

ಇಲ್ಲಿಯವರೆಗೆ ಖುಷಿಯೇ. ತಲೆ ಕೆಟ್ಟಿದ್ದು ಬಂಕ್‌ಗಳಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ. ನನ್ನ ಮ್ಯಾಪ್ ಮಾಡಿದ್ದು ಇ10 ಪೆಟ್ರೋಲ್‌ಗೆ. ಇ10ಕ್ಕೆ ಸರಿಯಾದ ಗಾಳಿ-ಇಂಧನ ಅನುಪಾತ ಸುಮಾರು 14.1, ಇ20ಕ್ಕೆ 13.5ರ ಹತ್ತಿರ. ಅಂದರೆ ಅಷ್ಟೇ ಪೆಟ್ರೋಲ್ ಚಿಮ್ಮಿಸಿದರೆ ಎಂಜಿನ್ ಶೇ. 4ರಷ್ಟು ಲೀನ್ (ಗಾಳಿ ಜಾಸ್ತಿ, ಇಂಧನ ಕಡಿಮೆ). ಟ್ರಾಫಿಕ್‌ನಲ್ಲಿ ತೊಂದರೆಯಿಲ್ಲ, ಒ2 ಸೆನ್ಸರ್ ನೋಡಿ ಇಸಿಯು ಸರಿದೂಗಿಸುತ್ತದೆ. ಫುಲ್ ಥ್ರಾಟಲ್‌ನಲ್ಲಿ ಸೆನ್ಸರ್‌ನ ಮಾತು ಯಾರೂ ಕೇಳುವುದಿಲ್ಲ, ಟೇಬಲ್‌ನಲ್ಲಿ ಬರೆದಷ್ಟೇ. ತುಮಕೂರು ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಎಂಜಿನ್ ಮೊದಲಿಗಿಂತ ಬಿಸಿ ಅನ್ನಿಸುತ್ತಿದೆ.

ಮ್ಯಾಪ್‌ನಲ್ಲಿ ಫುಲ್ ಥ್ರಾಟಲ್‌ನ ಆ ಒಂದು ಕಾಲಂಗೆ ನಾಲ್ಕು ಪರ್ಸೆಂಟ್ ಸೇರಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಮಾಡೋಣ ಅಂದರೆ ಫೈಲಿಗೆ ಪಾಸ್‌ವರ್ಡ್. "ಮ್ಯಾಪ್ ನಮ್ಮ ಅಂಗಡಿಯದು ಸರ್, ಕೊಡಕ್ಕಾಗಲ್ಲ. ಗಾಡಿ ತನ್ನಿ, ಫುಲ್ ಸೆಷನ್ ಚಾರ್ಜ್ ಆಗುತ್ತೆ" ಅಂದರು. ಬೈಕು ನನ್ನದು, ಪೆಟ್ಟಿಗೆ ನನ್ನದು, ಡೈನೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟವನು ನಾನು. ಅಂಕಿಗಳು ಮಾತ್ರ ಅವರವು! ಬೇರೆ ಅಂಗಡಿಯಲ್ಲಿ ಕೇಳಿದರೆ ಖಾಲಿ ಮ್ಯಾಪ್‌ನಿಂದ ಮತ್ತೆ ಶುರು ಮಾಡಬೇಕಂತೆ.

ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ವ್ಯವಹಾರಕ್ಕೆ ಒಂದು. ನೀವು ಮಾಡಿಸುವುದಾದರೆ ಅಡ್ವಾನ್ಸ್ ಕೊಡುವ ಮೊದಲೇ ಫೈಲ್ ಪೆನ್ ಡ್ರೈವ್‌ನಲ್ಲಿ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ನಾನಂತೂ ದೀಪಾವಳಿ ಬೋನಸ್ ಬರುವವರೆಗೆ ಹೆದ್ದಾರಿಯಲ್ಲಿ ಮುಕ್ಕಾಲು ಥ್ರಾಟಲ್ ದಾಟುತ್ತಿಲ್ಲ.