ಪುಣೆಯಿಂದ ಮಾಲವಣದ ಹವಳದ ತೀರಕ್ಕೆ ಬಾಡಿಗೆ ಕ್ಯಾರವಾನ್: ಗಾಡಿ ಚೆನ್ನ, ಟ್ಯಾಂಕ್ ಕಡೆ ಗಮನವಿರಲಿ

ಪುಣೆ, ಪಿಂಪ್ರಿ-ಚಿಂಚ್ವಡದ ಕನ್ನಡದ ಮನೆಗಳಿಗೆ 48ನೇ ಹೆದ್ದಾರಿ ಅಂದರೆ ಊರಿನ ದಾರಿ. ಸಾತಾರಾ, ಕರಾಡ, ಕೊಲ್ಹಾಪುರದವರೆಗೆ ಅದನ್ನೇ ಹಿಡಿದು, ಬೆಳಗಾವಿ ಕಡೆ ಹೋಗದೆ ಪಶ್ಚಿಮಕ್ಕೆ ಹೊರಳಿದರೆ ಮಾಲವಣ. ಒಟ್ಟು ಸುಮಾರು 390 ಕಿ.ಮೀ. ದಡದ ಹತ್ತಿರವೇ ಹವಳ ಕಾಣಸಿಗುವ ಜಾಗ; ಸಿಂಧುದುರ್ಗ ಕೋಟೆಯ ಸುತ್ತಿನ ಸಮುದ್ರ 1987ರಿಂದ ಸಾಗರ ಅಭಯಾರಣ್ಯ. ಟೆಂಪೊ ಟ್ರಾವೆಲರ್ ಚಾಸಿ ಮೇಲೆ ಕಟ್ಟಿದ, ಚಾಲಕನ ಸಮೇತ ಬಾಡಿಗೆಗೆ ಸಿಗುವ ನಾಲ್ಕು ಬರ್ತ್‌ನ ಕ್ಯಾರವಾನ್ ಈ ಪ್ರವಾಸಕ್ಕೆ ಒಗ್ಗುತ್ತದೆಯೇ? ಒಗ್ಗುತ್ತದೆ, ಕನಿಷ್ಠ ಮೂರು ರಾತ್ರಿ ಇದ್ದರೆ. ಎರಡೇ ರಾತ್ರಿಗಾದರೆ ಕಾರು ಮತ್ತು ಹೋಮ್‌ಸ್ಟೇ ಸಾಕು.

ಘಟ್ಟಕ್ಕೆ ರಾಧಾನಗರಿ–ದಾಜಿಪುರ–ಫೋಂಡಾ ದಾರಿಯೇ ವಾಸಿ. ನೀರು ತುಂಬಿದ ಗಾಡಿ ಇಳಿಜಾರಿನಲ್ಲಿ ಮುಂದಕ್ಕೆ ತಳ್ಳುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲೇ ಇಳಿಯಲು ಚಾಲಕನಿಗೆ ಮೊದಲೇ ಹೇಳಿ. ಟ್ಯಾಂಕ್ ಅರ್ಧ ಮಾಡಿಕೊಂಡು ಹೊರಟರೆ ಇನ್ನೂ ಒಳ್ಳೆಯದು. ಅಂಬೋಲಿ ಘಟ್ಟ ಬೇಕೆಂದು ನಿಪ್ಪಾಣಿ ಮೇಲೆ ಹೋಗುವವರು ಒಂದು ಮಾತು ಮರೆಯಬಾರದು: ಕಾಗಲ್ ದಾಟಿದರೆ ಕರ್ನಾಟಕ. ಗಾಡಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇಲ್ಲದಿದ್ದರೆ ತೆರಿಗೆ ಬೇರೆ ಕಟ್ಟಬೇಕು. ಬುಕಿಂಗ್ ವೇಳೆ ಪರ್ಮಿಟ್ ಪ್ರತಿ ಕೇಳಿ ಪಡೆಯಿರಿ.

ಕರೆಂಟಿನ ಲೆಕ್ಕ ಸರಳ. 12.8 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಅಂದರೆ 2.5 ಯೂನಿಟ್. ಚಾವಣಿಯ ಎಸಿ ಗಂಟೆಗೆ ಒಂದು ಯೂನಿಟ್‌ಗಿಂತ ಹೆಚ್ಚು ಎಳೆಯುತ್ತದೆ, ಹಾಗಾಗಿ ಬ್ಯಾಟರಿ ಮೇಲೆ ಎರಡು ಗಂಟೆ ಓಡಿದರೆ ಹೆಚ್ಚು. “ರಾತ್ರಿಯಿಡೀ ಎಸಿ” ಅನ್ನುವ ಜಾಹೀರಾತು ಪ್ಲಗ್ ಸಿಕ್ಕಾಗ ಮಾತ್ರ ನಿಜ. ಅರ್ತಿಂಗ್ ಇರುವ 15 ಆಂಪಿಯರ್ ಸಾಕೆಟ್ ಗಾಡಿ ನಿಲ್ಲಿಸುವ ಹೋಮ್‌ಸ್ಟೇಯಲ್ಲಿ ಇದೆಯೇ ಎಂದು ಫೋನಿನಲ್ಲೇ ವಿಚಾರಿಸಿ. ತಂತಿ 2.5 ಚದರ ಮಿ.ಮೀ. ತಾಮ್ರದ್ದಿರಲಿ, ಡ್ರಮ್ಮಿನಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಹಾಗೆಯೇ ಎಸಿ ಓಡಿಸಿದರೆ ಒಳಸುತ್ತಿನ ಶಾಖ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ. ಇನ್ನು ಸೋಲಾರ್: ತೆಂಗಿನ ಗರಿಯ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಕುಸಿಯುತ್ತದೆ, ಮತ್ತು ಇಲ್ಲಿ ತೆಂಗಿಲ್ಲದ ಅಂಗಳ ಸಿಗುವುದೇ ಕಷ್ಟ.

ಈ ಗಾಡಿಗಳ ನಿಜವಾದ ಕೊರತೆ ನೀರಿನ ವ್ಯವಸ್ಥೆಯಲ್ಲಿದೆ. ಒಳ್ಳೆ ನೀರಿನ ಟ್ಯಾಂಕ್ 100 ಲೀಟರ್, ಬಳಸಿದ ನೀರಿನದು 60. ಕಟ್ಟುವವರು ಜಾಗ ಉಳಿಸಲು ಹೀಗೆ ಮಾಡುತ್ತಾರೆ. 60 ತುಂಬಿದ ಮೇಲೆ ಪಾತ್ರೆ ತೊಳೆದ ನೀರು ಬಚ್ಚಲಿನ ಜಾಲರಿಯಿಂದ ಮೇಲಕ್ಕೆ ಉಕ್ಕುತ್ತದೆ, ಅಕ್ಕಿಯ ಅಗುಳು, ಸೋಪಿನ ನೊರೆ ಸಮೇತ. ಆಗ ಸಿಕ್ಕಲ್ಲಿ ವಾಲ್ವ್ ತೆಗೆದುಬಿಡುವುದು ಸಾಮಾನ್ಯ ರೂಢಿ. ಮಾಲವಣದ ಪಕ್ಕದ ತಾರ್ಕರ್ಲಿ–ದೇವಬಾಗದಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಗೊಡಬೇಡಿ. ಒಂದು ಕಡೆ ಕರ್ಲಿ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಇರುವುದು ಬರೀ ಮರಳಿನ ಪಟ್ಟಿ. ಸುರಿದದ್ದು ಪಕ್ಕದ ಬಾವಿಗೂ ಇಳಿಯುತ್ತದೆ, ಸಮುದ್ರಕ್ಕೂ ಸೇರುತ್ತದೆ. ಸ್ನಾನ ಹೋಮ್‌ಸ್ಟೇ ಬಚ್ಚಲಿನಲ್ಲೇ ಆಗಲಿ, ಗಾಡಿಯ ನೀರು ಅಡುಗೆಗೆ ಮತ್ತು ಕೈಕಾಲಿಗೆ ಮಾತ್ರ.

ಶೌಚದ ಕ್ಯಾಸೆಟ್, ಅಂದರೆ ಗಾಡಿಯ ಕಮೋಡಿನ ಕೆಳಗಿನ ಹೊರತೆಗೆಯುವ ಡಬ್ಬಿ, 18 ಲೀಟರ್. ನಾಲ್ವರಿಗೆ ಒಂದೂವರೆ ದಿನ. ಅದನ್ನು ಹೋಮ್‌ಸ್ಟೇಯ ಕಮೋಡಿನಲ್ಲೇ ಸುರಿದು ಎರಡು ಬಕೆಟ್ ನೀರು ಬಿಡಿ. ಕ್ಯಾಸೆಟ್‌ಗೆ ಹಾಕುವ ದ್ರಾವಣದಲ್ಲಿ ಫಾರ್ಮಾಲಿನ್ ಇದ್ದರೆ ಅದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದ್ದರಿಂದ ಎನ್‌ಜೈಮ್ ಬಗೆಯದ್ದನ್ನೇ ಕೇಳಿ. ಕ್ಯಾಸೆಟ್ ಬಾಯಿಯ ರಬ್ಬರಿಗೆ ಮರಳು ಸಿಕ್ಕರೆ ಸೋರಿಕೆ ಶುರು. ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲಿನ್ ಬೇಡ, ರಬ್ಬರ್ ಉಬ್ಬಿ ಮುಚ್ಚಳ ಬಿಗಿದುಕೊಳ್ಳುತ್ತದೆ.

ಗಾಡಿಯನ್ನು ಮರಳಿಗೆ ಇಳಿಸುವ ಆಸೆಯೂ ಬೇಡ. ಹಿಂದಿನ ಚಕ್ರದ ಮೇಲೆ ಭಾರವೆಲ್ಲ ಕೂತಿರುತ್ತದೆ, ಹೂತರೆ ಟ್ರ್ಯಾಕ್ಟರೇ ಬೇಕು.

ಹವಳದ ವಿಷಯಕ್ಕೆ ಬಂದರೆ, ಲಕ್ಷದ್ವೀಪದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಹೋಗಬಾರದು. ಮಳೆಗಾಲದಲ್ಲಿ ನದಿಗಳು ತರುವ ಹೂಳು, ಸಿಹಿನೀರು ಎರಡನ್ನೂ ತಾಳಿಕೊಳ್ಳುವ, ಬಂಡೆಗೆ ಅಂಟಿ ಗುಂಡಗೆ ಬೆಳೆಯುವ ಕಂದು ಹವಳ ಇಲ್ಲಿನದು. ಹತ್ತಿರದಿಂದ ನೋಡಿದರೆ ಮೈತುಂಬ ಜೇನುಹುಟ್ಟಿನಂಥ ಸಣ್ಣ ಗೂಡುಗಳು, ಒಂದೊಂದರಲ್ಲೂ ಒಂದು ಜೀವ. ಅದರ ಮೇಲೆ ಕಾಲಿಡಬೇಡಿ. ಫೋಟೊಗೆಂದು ಹಿಡಿದು ನಿಲ್ಲಿಸುವ ಗೈಡ್‌ಗೆ ಬೇಡ ಅನ್ನಿ. ವನ್ಯಜೀವಿ ಕಾಯ್ದೆಯಡಿ ಸತ್ತ ಚೂರನ್ನು ಎತ್ತಿಕೊಂಡು ಬರುವುದೂ ಅಪರಾಧ. ನವೆಂಬರ್–ಫೆಬ್ರವರಿಯಲ್ಲಿ, ಬೆಳಿಗ್ಗೆ ಸಮುದ್ರದ ಭರತ (ಉಬ್ಬರ) ಇರುವ ದಿನ ನೋಡಿಕೊಂಡು ಹೋದರೆ ನೀರು ತಿಳಿಯಾಗಿರುವ ಸಾಧ್ಯತೆ ಹೆಚ್ಚು.

ಬಾಡಿಗೆಯವರ ಸಿದ್ಧ ವೇಳಾಪಟ್ಟಿಯಲ್ಲಿ ಕೊನೆಯ ದಿನ ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ವಾಪಸ್ ಅಂತ ಇದ್ದರೆ ಬದಲಿಸಿ. ಡೈವ್ ಆದ ಮೇಲೆ ರಕ್ತದಲ್ಲಿ ಉಳಿದ ನೈಟ್ರೋಜನ್ ಎತ್ತರಕ್ಕೆ ಏರಿದಾಗ ಗುಳ್ಳೆ ಕಟ್ಟಬಹುದು. 600 ಮೀಟರ್ ಮೇಲೆ ಹೋಗುವ ಮುನ್ನ ಒಂದು ಡೈವ್‌ಗೆ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ 18 ಗಂಟೆ ಬಿಡುವು ಬೇಕು. ಅಂಬೋಲಿಯೇ 690 ಮೀಟರ್ ಎತ್ತರದಲ್ಲಿದೆ. ಡೈವ್ ಎರಡನೇ ಅಥವಾ ಮೂರನೇ ದಿನ ಬೆಳಿಗ್ಗೆ ಮುಗಿಯಲಿ. ಹೊರಡುವ ದಿನ ಬೆಳಿಗ್ಗೆ ಕ್ಯಾಸೆಟ್ ಖಾಲಿ ಮಾಡಿ, ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ; ಉಪ್ಪು ಹಿಡಿದ ತುಕ್ಕು ತೋರಿಸಿ ಠೇವಣಿ ಮುರಿದುಕೊಳ್ಳಲು ಅವಕಾಶ ಇರುವುದಿಲ್ಲ.