ಹತ್ತು ಕಂತು ಕಟ್ಟಿದ ಮೇಲೆ: ನಮ್ಮ ಮನೆಯ ಆರೋಗ್ಯ ವಿಮೆ

ಹಾಸನದಲ್ಲಿ ನಮ್ಮದೊಂದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ ಇದೆ. ನಾನು, ನಮ್ಮ ಯಜಮಾನರು ಇಬ್ಬರೂ ಅದನ್ನೇ ನೋಡಿಕೊಳ್ಳುತ್ತೇವೆ. ತಿಂಗಳ ಸಂಬಳ ಇಲ್ಲ, ಕಂಪನಿ ಕೊಡುವ ವಿಮೆಯೂ ಇಲ್ಲ. ಹಾಗಾಗಿ 2016ರ ನವೆಂಬರ್‌ನಲ್ಲಿ ನಾವೇ ಒಂದು ಫ್ಯಾಮಿಲಿ ಫ್ಲೋಟರ್ ಪಾಲಿಸಿ, ಅಂದರೆ ಇಡೀ ಮನೆಗೆ ಸೇರಿ ಒಂದೇ ಮೊತ್ತದ ವಿಮೆ, ಮಾಡಿಸಿದೆವು. ನೋಟು ರದ್ದಾದ ತಿಂಗಳು ಅದು, ಚೆಕ್ ಕೊಟ್ಟಿದ್ದು ಚೆನ್ನಾಗಿ ನೆನಪಿದೆ. ಮೊದಲ ಕಂತು 10,900 ರೂಪಾಯಿ. ನಾವಿಬ್ಬರು, ಇಬ್ಬರು ಮಕ್ಕಳು, ನಾಲ್ವರಿಗೂ ಸೇರಿ 3 ಲಕ್ಷ.

2025ರ ನವೆಂಬರ್‌ಗೆ ಹತ್ತು ಕಂತು ಕಟ್ಟಿದ್ದಾಯಿತು. ನಡುವೆ ಒಮ್ಮೆ ಕಂಪನಿ ಬದಲಾಯಿಸಿದ್ದೇವೆ. ಆಸ್ಪತ್ರೆ ಬಿಲ್ಲಿಗೆ ವಿಮೆಯ ಹಣ ಕೇಳಿದ ಎರಡು ದೊಡ್ಡ ಕ್ಲೈಮ್ ಆಗಿವೆ. ಎರಡೂ ಕಂಪನಿಗಳ ಹೆಸರು ಬರೆಯುವುದಿಲ್ಲ. ಪಾಲಿಸಿ ಕಾಗದದಲ್ಲಿ ನೋಡಬೇಕಾದ್ದು ಏನು ಅನ್ನುವುದು ಯಾವ ಕಂಪನಿಯಾದರೂ ಒಂದೇ.

ಮೊದಲು ಫಾರ್ಮ್ ತುಂಬಿಸಿದ ದಿನದ ಮಾತು. ಯಜಮಾನರಿಗೆ ಆಗಲೇ 41. ಒಂದು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದರು. ಏಜೆಂಟ್ ಹುಡುಗ ಒಳ್ಳೆಯವನೇ. ಆದರೆ, "ಬಿಪಿ ಎಲ್ಲರಿಗೂ ಇರುತ್ತೆ ಅಕ್ಕ, ಅದನ್ನೆಲ್ಲ ಬರೀಬೇಡಿ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ. ಯಜಮಾನರೂ ಹೌದೌದು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬಿಪಿ ಇದೆ, ಯಾವ ಮಾತ್ರೆ, ಯಾವಾಗಿನಿಂದ ಅಂತ ಬರೆಸಿದೆ. ನಮ್ಮದೇ ಜೆರಾಕ್ಸ್ ಮಷಿನ್ ಇತ್ತಲ್ಲ, ಕೊಡುವ ಮೊದಲು ಫಾರ್ಮಿನ ಎಲ್ಲ ಪುಟಗಳ ಪ್ರತಿ ತೆಗೆದಿಟ್ಟೆ. ಬಿಪಿ ಬರೆದದ್ದರಿಂದ, ಅದಕ್ಕೆ ಸಂಬಂಧಿಸಿದ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕು, ಅಲ್ಲಿಯವರೆಗೆ ಕ್ಲೈಮ್ ಇಲ್ಲ ಅಂತ ಷರತ್ತು ಬಂತು. ಆಗ ಅದು ದೊಡ್ಡ ನಷ್ಟದಂತೆ ಕಂಡಿತ್ತು.

ಐದು ವರ್ಷ ಏನೂ ಆಗಲಿಲ್ಲ. ಪ್ರತಿ ನವೆಂಬರ್ ಬಂದಾಗ "ಈ ದುಡ್ಡಲ್ಲಿ ಮಕ್ಕಳ ಫೀಸಾದರೂ ಕಟ್ಟಬಹುದಿತ್ತು" ಅನ್ನಿಸುತ್ತಿತ್ತು. ಅಂಗಡಿ ಮುಚ್ಚಿದ್ದ ಕೋವಿಡ್ ವರ್ಷ ಕಂತು ಕಟ್ಟುವುದು ನಿಜಕ್ಕೂ ಕಷ್ಟವಾಯಿತು, ಗಡುವು ಮುಗಿದ ಮೇಲೂ ಕಟ್ಟಲು ಕೊಡುವ ಗ್ರೇಸ್ ಅವಧಿಯ ಕೊನೆಯ ವಾರದಲ್ಲಿ ಕಟ್ಟಿದೆವು. ತಪ್ಪಿಸಲಿಲ್ಲ ಅನ್ನುವುದೇ ಸಮಾಧಾನ. ಪಾಲಿಸಿ ಒಮ್ಮೆ ಕೈಬಿಟ್ಟರೆ ಕಾದ ವರ್ಷಗಳ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

2022ರ ಫೆಬ್ರವರಿಯಲ್ಲಿ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಲ್ಯಾಪ್ರೋಸ್ಕೋಪಿಕ್, ಮೂರು ದಿನ ಆಸ್ಪತ್ರೆ. ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು, ನಮ್ಮದು ಯಾವಾಗಲೋ ಮುಗಿದಿತ್ತು. ಕ್ಲೈಮ್ ಮಾಡದ ವರ್ಷಗಳ ಬೋನಸ್ ಸೇರಿ ಪಾಲಿಸಿಯಲ್ಲಿ 4.5 ಲಕ್ಷ ಇತ್ತು. ಬಿಲ್ ಬಂದದ್ದು 1,16,000. ಪೂರ್ತಿ ಸಿಗುತ್ತದೆ ಅಂತ ನಿಶ್ಚಿಂತೆಯಿಂದ ಇದ್ದೆವು. ಸಿಕ್ಕಿದ್ದು 80,000.

ಯಾಕೆ ಅಂತ ಅರ್ಥ ಆಗಲು ನನಗೆ ಎರಡು ವಾರ ಬೇಕಾಯಿತು. ನಿಧಾನವಾಗಿ ಹೇಳುತ್ತೇನೆ, ಇಡೀ ವಿಮರ್ಶೆಯಲ್ಲಿ ಮುಖ್ಯವಾದದ್ದು ಇದೇ.

ನಮ್ಮ ಪಾಲಿಸಿಯಲ್ಲಿ ರೂಮ್ ರೆಂಟ್ ಮಿತಿ ಇತ್ತು. ದಿನಕ್ಕೆ ವಿಮೆ ಮೊತ್ತದ ಶೇಕಡಾ 1. ಬೋನಸ್ ಲೆಕ್ಕಕ್ಕಿಲ್ಲ, ಮೂಲ 3 ಲಕ್ಷಕ್ಕೆ ಮಾತ್ರ. ಅಂದರೆ ದಿನಕ್ಕೆ 3,000. ನಾವು ತೆಗೆದುಕೊಂಡ ರೂಮು 5,000 ರೂಪಾಯಿಯದು. ಹೆಚ್ಚಿನ ಎರಡು ಸಾವಿರ ಕೈಯಿಂದ ಕೊಟ್ಟರಾಯಿತು, ಮೂರು ದಿನಕ್ಕೆ ಆರು ಸಾವಿರ ಅಂದುಕೊಂಡಿದ್ದೆವು. ಆದರೆ ಲೆಕ್ಕ ಹಾಗಿಲ್ಲ. 5,000ದ ರೂಮಿನಲ್ಲಿ 3,000ಕ್ಕೆ, ಅಂದರೆ ಐದರಲ್ಲಿ ಮೂರು ಭಾಗಕ್ಕೆ ಮಾತ್ರ ಅರ್ಹತೆ ಇದ್ದರೆ, ರೂಮಿನ ದರ್ಜೆಗೆ ತಕ್ಕಂತೆ ಏರುವ ಬೇರೆ ಖರ್ಚುಗಳಲ್ಲೂ ಐದರಲ್ಲಿ ಮೂರು ಭಾಗ ಮಾತ್ರ ಕೊಡುತ್ತಾರೆ. ಸರ್ಜನ್ ಫೀಸು, ಅರಿವಳಿಕೆ ಡಾಕ್ಟರು, ಆಪರೇಷನ್ ಥಿಯೇಟರ್, ನರ್ಸಿಂಗ್, ಎಲ್ಲ ಸೇರಿ 60,000 ಆಗಿತ್ತು. ಅದರಲ್ಲಿ 36,000 ಮಾತ್ರ ಕೊಟ್ಟರು. ಔಷಧಿ ಮತ್ತು ಟೆಸ್ಟುಗಳ 35,000ಕ್ಕೆ ಈ ಕತ್ತರಿ ಇಲ್ಲ, ಪೂರ್ತಿ ಬಂತು. ಗ್ಲೌಸ್, ಮಾಸ್ಕ್ ಅಂತ 6,000 ಮೊದಲೇ ಕಡಿದುಬಿಟ್ಟಿದ್ದರು. ಹೀಗೆ ನಮ್ಮ ಕೈಯಿಂದ ಹೋಗುವುದು ಆರು ಸಾವಿರ ಅಂದುಕೊಂಡದ್ದು ಒಟ್ಟು 36,000 ಆಯಿತು. ಅದೇ ಆಸ್ಪತ್ರೆಯಲ್ಲಿ 3,000ದ ಶೇರಿಂಗ್ ರೂಮ್ ಖಾಲಿ ಇತ್ತು. ಆಸ್ಪತ್ರೆಯಲ್ಲಿ ವಿಮೆ ಕ್ಲೈಮ್ ನೋಡಿಕೊಳ್ಳುವ ಟಿಪಿಎ ಡೆಸ್ಕಿನವರು ಒಂದು ಮಾತು ಹೇಳಿದ್ದರೆ ಅಲ್ಲೇ ಇರುತ್ತಿದ್ದೆ.

ಆ ವರ್ಷವೇ ಪಾಲಿಸಿ ಪೋರ್ಟ್ ಮಾಡಿದೆವು. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುತ್ತೀರಲ್ಲ, ಹಾಗೆಯೇ. ಕಾದ ವರ್ಷಗಳು ಹೊಸ ಕಂಪನಿಗೂ ಬರುತ್ತವೆ. ಆದರೆ ನಾವು ಮಾಡಿದಾಗ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಬೇಕಿತ್ತು, ಕೊನೆಯ ವಾರದಲ್ಲಿ ಓಡಿದರೆ ಆಗುವುದಿಲ್ಲ. ಹೊಸ ಕಂಪನಿ ಬೇಡ ಅನ್ನಲೂಬಹುದು, ಹಾಗಾಗಿ ಅಲ್ಲಿ ಒಪ್ಪಿಗೆ ಸಿಗುವವರೆಗೆ ಹಳೆಯದನ್ನು ಬಿಡಬೇಡಿ. ನಾವು ರೂಮ್ ರೆಂಟ್ ಮಿತಿ ಇಲ್ಲದ 10 ಲಕ್ಷದ ಪಾಲಿಸಿ ತೆಗೆದುಕೊಂಡೆವು. ಕಂತು 15,500ರಿಂದ 24,000ಕ್ಕೆ ಏರಿತು. ಇನ್ನೊಂದು ಸೂಕ್ಷ್ಮ: ಕಾದ ವರ್ಷಗಳ ಲಾಭ ಹಳೆಯ ಮೊತ್ತಕ್ಕೆ ಮಾತ್ರ. ಹೊಸದಾಗಿ ಹೆಚ್ಚಿಸಿದ ಭಾಗಕ್ಕೆ ಮತ್ತೆ ಕಾಯಬೇಕು. ಮೊತ್ತ ಹೆಚ್ಚಿಸುವ ಯೋಚನೆ ಇದ್ದರೆ ಆರೋಗ್ಯ ಚೆನ್ನಾಗಿದ್ದಾಗಲೇ ಹೆಚ್ಚಿಸಿ.

2024ರ ಜನವರಿಯಲ್ಲಿ ಯಜಮಾನರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗತೊಡಗಿತು. ಮೈಸೂರಿನಲ್ಲಿ ಆಂಜಿಯೋಗ್ರಾಮ್ ಮಾಡಿಸಿ, ಒಂದು ಸ್ಟೆಂಟ್ ಹಾಕಿದರು. ಕ್ಯಾಶ್‌ಲೆಸ್‌ಗೆ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ) ಕಳಿಸಿದ ಕೂಡಲೇ ಕಂಪನಿಯಿಂದ ಪ್ರಶ್ನೆ ಬಂತು. ಬಿಪಿ ಯಾವಾಗಿನಿಂದ? ಪಾಲಿಸಿ ಮಾಡಿಸುವಾಗ ತಿಳಿಸಿದ್ದೀರಾ? ಆ ಹೊತ್ತಿನಲ್ಲಿ ನನ್ನ ಕೈ ನಡುಗುತ್ತಿತ್ತು. ಮಗನಿಗೆ ಫೋನ್ ಮಾಡಿ, ಬೀರುವಿನಲ್ಲಿದ್ದ 2016ರ ಆ ಜೆರಾಕ್ಸ್ ಪ್ರತಿಯ ಫೋಟೋ ತರಿಸಿಕೊಂಡೆ. ಅದನ್ನು ಕಳಿಸಿದ ಮೇಲೆ ಮತ್ತೆ ಪ್ರಶ್ನೆ ಬರಲಿಲ್ಲ. 2,10,000ದ ಬಿಲ್ಲಿನಲ್ಲಿ 1,96,000 ಕೊಟ್ಟರು. ಅಂದು ಆ ಸಾಲು ಬರೆಸದೆ ಇದ್ದಿದ್ದರೆ ಅಂಗಡಿಯ ಸರಕಿನ ದುಡ್ಡೆಲ್ಲ ಆಸ್ಪತ್ರೆಗೆ ಹೋಗುತ್ತಿತ್ತು.

ಬೇಸರವಾದದ್ದು ಡಿಸ್ಚಾರ್ಜ್ ದಿನ. ಡಾಕ್ಟರು ಬೆಳಿಗ್ಗೆ 11ಕ್ಕೆ ಮನೆಗೆ ಹೋಗಬಹುದು ಅಂದರು. ಕೊನೆಯ ಒಪ್ಪಿಗೆ ಬಂದಾಗ ರಾತ್ರಿ ಎಂಟೂವರೆ. ಹಾರ್ಟ್ ಪೇಷಂಟನ್ನು ರಾತ್ರಿ ಹೊತ್ತು ಹಾಸನಕ್ಕೆ ಕರೆತಂದೆವು. ಅದೇ ವರ್ಷ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊಸ ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಈ ನಿಯಮ ಗೊತ್ತಿದ್ದರೆ ಡೆಸ್ಕ್ ಮುಂದೆ ನಿಂತು ಕೇಳಲು ಧೈರ್ಯ ಬರುತ್ತದೆ. ಕಂಪನಿ ಕೇಳದಿದ್ದರೆ ದೂರು ಕೊಡಲು ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ವಿಮೆ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ದೂರಿಗೆ ಫೀಸು ಇಲ್ಲ, ವಕೀಲರೂ ಬೇಕಿಲ್ಲ.

2024ರಿಂದ ನಿಯಮಗಳು ಇನ್ನೂ ಕೆಲವು ಕಡೆ ಸಡಿಲವಾಗಿವೆ. ಮೊದಲೇ ಇದ್ದ ಕಾಯಿಲೆಗೆ ಈಗ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಸತತ ಐದು ವರ್ಷ ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಹಿಂದೆ ಹೇಳಲಿಲ್ಲ ಅಂತ ಕ್ಲೈಮ್ ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ನಂಬಿ ಕಾಯಿಲೆ ಮುಚ್ಚಿಡಬೇಡಿ. ಮೊದಲ ಐದು ವರ್ಷದಲ್ಲೇ ಏನಾದರೂ ಆದರೆ? 2025ರ ಸೆಪ್ಟೆಂಬರ್ 22ರಿಂದ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ ಹೋಯಿತು. 2024ರಲ್ಲಿ ತೆರಿಗೆ ಸೇರಿ 31,860 ಕಟ್ಟಿದ್ದೆವು, ಕಳೆದ ಸಲ 29,500. ತೆರಿಗೆಯ 4,860 ಉಳಿತಾಯ ಆಗಬೇಕಿತ್ತು, ಮೂಲ ಕಂತೇ ಏರಿದ್ದರಿಂದ ಅಷ್ಟು ಉಳಿಯಲಿಲ್ಲ.

ಅತ್ತೆಯ ವಿಷಯದಲ್ಲಿ ನಾವು ತಡ ಮಾಡಿದೆವು. ಅವರಿಗೆ ಈಗ 71. ಪಾಲಿಸಿ ಸಿಗುತ್ತದೆ, ಆದರೆ ಕಂತು ವಿಪರೀತ, ಜೊತೆಗೆ ಪ್ರತಿ ಬಿಲ್ಲಿನ ಶೇಕಡಾ 20 ನಾವೇ ಕೊಡಬೇಕು ಅನ್ನುವ ಷರತ್ತು. ಅವರ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ 2 ಲಕ್ಷ ಠೇವಣಿ ಇಟ್ಟಿದ್ದೇವೆ. ಕಣ್ಣಿನ ಪೊರೆ ಆಪರೇಷನ್ ಅದರ ಬಡ್ಡಿಯಲ್ಲೇ ಆಯಿತು. ಇದು ಸರಿಯಾದ ದಾರಿಯೇ ಅಂತ ನನಗೆ ಈಗಲೂ ಪೂರ್ತಿ ನೆಮ್ಮದಿ ಇಲ್ಲ. ಬಿಪಿಎಲ್ ಕಾರ್ಡ್ ಇರುವವರು ಖಾಸಗಿ ಪಾಲಿಸಿಗೆ ದುಡ್ಡು ಹಾಕುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳಿ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಹಳೆ ಪಾಲಿಸಿಗೆ ಐದಕ್ಕೆ ಎರಡು ಅಂಕ, ಈಗಿನದಕ್ಕೆ ನಾಲ್ಕು. ಹತ್ತು ಕಂತಿಗೆ ಒಟ್ಟು ಕಟ್ಟಿದ್ದು 1.9 ಲಕ್ಷದ ಆಸುಪಾಸು. ಬಂದದ್ದು 2.76 ಲಕ್ಷ. ಬಂದದ್ದೇ ಜಾಸ್ತಿ ಅಂತ ಖುಷಿಪಡುವ ಲೆಕ್ಕ ಇದಲ್ಲ. ಇಬ್ಬರೂ ಆಸ್ಪತ್ರೆಗೆ ಹೋಗದೆ ಇದ್ದಿದ್ದರೆ ಅದೇ ಚೆನ್ನಾಗಿತ್ತು.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕಂಪನಿಯ ವಿಮೆ ಕೆಲಸ ಇರುವಷ್ಟು ದಿನ ಮಾತ್ರ ಅಲ್ವಾ, ಅದಕ್ಕೇ ಅವಳ ಹೆಸರಿಗೆ ಬೇರೆ ಪಾಲಿಸಿ ಮಾಡಿಸಿದೆವು. ಥೈರಾಯ್ಡ್ ಮಾತ್ರೆಯ ಹೆಸರನ್ನು ಫಾರ್ಮಿನಲ್ಲಿ ಅವಳೇ ಬರೆದಳು. ಮೊನ್ನೆ ಕಾಗದ ಬಂದಿದೆ. ಬೇಡವಾದರೆ ವಾಪಸ್ ಮಾಡಲು 30 ದಿನ ಇರುತ್ತದೆ. ಈ ಭಾನುವಾರ ಅವಳು ಊರಿಗೆ ಬಂದಾಗ ಇಬ್ಬರೂ ಕೂತು ರೂಮ್ ರೆಂಟ್ ಪುಟದಿಂದ ಓದಲು ಶುರು ಮಾಡುತ್ತೇವೆ.