ಬಾದಾಮಿಗೆ ಹೋದರೆ ಊಟ ಬನಶಂಕರಿ ಗುಡಿ ಹತ್ತಿರ, ಅವ್ವಂದಿರ ಬುಟ್ಟಿಯಿಂದ

ಬಾದಾಮಿಯಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ ಎಂದು ಯಾರಾದರೂ ಕೇಳಿದರೆ ನಾನು ಹೋಟೆಲ್ ಹೆಸರು ಹೇಳುವುದಿಲ್ಲ. ಊರಿನಿಂದ ಸುಮಾರು 5 ಕಿಲೋಮೀಟರ್ ದೂರದ ಚೊಳಚಗುಡ್ಡಕ್ಕೆ ಹೋಗಿ, ಬನಶಂಕರಿ ದೇವಿಯ ದರ್ಶನ ಮಾಡಿ, ಹೊರಗೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತಿರುವ ಅವ್ವಂದಿರ ಹತ್ತಿರ ಉಂಡು ಬನ್ನಿ ಎನ್ನುತ್ತೇನೆ. ಅಲ್ಲಿ ಬೋರ್ಡ್ ಇಲ್ಲ, ಮೆನು ಇಲ್ಲ, ಕುರ್ಚಿ ಟೇಬಲ್ ಇಲ್ಲ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲೇ ರೊಟ್ಟಿ ಬಡಿದು, ಪಲ್ಯ ಮಾಡಿ, ಚಟ್ನಿ ಕಟ್ಟಿಕೊಂಡು ಬರುತ್ತಾರೆ. ಉತ್ತರ ಕರ್ನಾಟಕದ ಊಟ ಅಂತ ಬೆಂಗಳೂರಿನಲ್ಲಿ ಏನೇನೋ ತಿಂದಿದ್ದೇನೆ, ಇದರ ಹತ್ತಿರಕ್ಕೆ ಬರುವಂಥದ್ದು ಸಿಕ್ಕಿಲ್ಲ.

"ಬರ್ರೀ ಅಣ್ಣಾರ, ರೊಟ್ಟಿ ಉಣ್ಣಬರ್ರಿ" ಎಂದು ನಾಲ್ಕೂ ಕಡೆಯಿಂದ ಕರೆಯುತ್ತಾರೆ. ಯಾರ ಹತ್ತಿರ ಕೂರಬೇಕು ಎನ್ನುವುದೇ ಕಷ್ಟ. ಬುಟ್ಟಿಯ ಬಟ್ಟೆ ಸರಿಸಿ ತೋರಿಸಿ ಅಂದರೆ ಬೇಜಾರಿಲ್ಲದೆ ತೋರಿಸುತ್ತಾರೆ, ನೋಡಿಕೊಂಡೇ ಕೂತುಕೊಳ್ಳಿ. ನಾವು ಕೂತ ಅವ್ವನ ಹತ್ತಿರ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಎರಡೂ ಇದ್ದವು. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಜುಣಕ, ಶೇಂಗಾ ಚಟ್ನಿಪುಡಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಎಳೆ ಮೆಂತ್ಯದ ಸೊಪ್ಪು. ಕೊನೆಗೆ ಸಣ್ಣ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು.

ಎಣ್ಣೆಗಾಯಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೋಟೆಲುಗಳಲ್ಲಿ ಕೊಡುವ ಎಣ್ಣೆಗಾಯಿಯಲ್ಲಿ ಗ್ರೇವಿ ಜಾಸ್ತಿ, ಕಾಯಿ ಕಡಿಮೆ, ಮೇಲೆ ಎಣ್ಣೆ ತೇಲುತ್ತಿರುತ್ತದೆ. ಇಲ್ಲಿನದು ಹಾಗಲ್ಲ. ಸಣ್ಣ ಸಣ್ಣ ಇಡೀ ಬದನೆಕಾಯಿ, ತೊಟ್ಟು ಹಾಗೇ ಇದೆ, ನಾಲ್ಕು ಸೀಳು ಮಾಡಿ ಒಳಗೆ ಶೇಂಗಾ, ಎಳ್ಳು, ಹುಣಸೆ, ಬೆಲ್ಲ, ಖಾರ ಎಲ್ಲ ತುಂಬಿದ್ದಾರೆ, ಆದರೆ ಒಂದೂ ಇನ್ನೊಂದನ್ನು ಮೀರಿ ಮುಂದೆ ಬರುವುದಿಲ್ಲ. ಬದನೆಕಾಯಿಯ ರುಚಿ ಬದನೆಕಾಯಿಯದಾಗಿಯೇ ಉಳಿದಿತ್ತು. ಗುರೆಳ್ಳು ಚಟ್ನಿಗೆ ಸ್ವಲ್ಪ ಕಹಿ ಇರುತ್ತದೆ, ಮೊದಲ ಸಲ ತಿನ್ನುವವರು ಗಟ್ಟಿ ಮೊಸರಿನಲ್ಲಿ ಕಲಸಿಕೊಂಡರೆ ಆ ಕಹಿಯೇ ಇಷ್ಟವಾಗುತ್ತದೆ. ಕೆಂಪು ಖಾರವನ್ನು ಮಾತ್ರ ಹುಷಾರಾಗಿ ಮುಟ್ಟಿ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದದ್ದು, ನಿಜವಾಗಿಯೂ ಖಾರ. ನನ್ನ ಮುಖ ನೋಡಿ ಅವ್ವನೇ "ಮೊಸರು ಹಾಕ್ಕೋರಿ, ಖಾರ ಇಳೀತೈತಿ" ಎಂದು ಕೇಳದೆಯೇ ಇನ್ನಷ್ಟು ಬಡಿಸಿದರು.

ರೊಟ್ಟಿ ಎರಡು ಬಗೆ. ಮೆತ್ತಗಿನದು ಅವತ್ತೇ ಬೆಳಿಗ್ಗೆ ಮಾಡಿದ್ದು. ಇನ್ನೊಂದು ಹಪ್ಪಳದ ಹಾಗೆ ಒಣಗಿಸಿದ ಕಟಕ ರೊಟ್ಟಿ, ಇದು ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ಮೈಸೂರು ಕಡೆಯವರಿಗೆ ಮೆತ್ತಗಿನದೇ ಸುಲಭ. ನಮ್ಮಮ್ಮನಿಗೆ ಇದು ಇಷ್ಟು ತೆಳ್ಳಗೆ ಹೇಗೆ ಬರುತ್ತದೆ ಎನ್ನುವ ಕುತೂಹಲ, ಮನೆಯಲ್ಲಿ ಅವರು ಮಾಡಿದಾಗ ಅಂಚು ಸೀಳಿಬಿಡುತ್ತದೆ. ಕೇಳಿದ್ದಕ್ಕೆ ಅವ್ವ ಕೈ ಆಡಿಸಿ ಆಡಿಸಿ ವಿವರಿಸಿದರು: "ನೀರು ಕುದೀಬೇಕ್ರೀ ಅಮ್ಮಾರ, ಕುದಿಯೋ ನೀರಾಗ ಹಿಟ್ಟು ಕಲಿಸಿ ಚಲೋತ್ನಾಗಿ ನಾದಿದ್ರ ಹರಿಯಂಗಿಲ್ಲ." ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗಲೇ ಹಿಟ್ಟಿಗೆ ಹಿಡಿತ ಬರುವುದು. ಆಮೇಲೆ ಲಟ್ಟಣಿಗೆ ಇಲ್ಲದೆ ಅಂಗೈಯಲ್ಲಿ ಬಡಿದು ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕುತ್ತಾರೆ. ಇಬ್ಬರೂ ಅಡುಗೆ ಮಾತು ಶುರು ಮಾಡಿದ ಮೇಲೆ ನಾವು ಏಳುವ ಹೊತ್ತಿಗೆ ಒಳ್ಳೇ ತಡವಾಯಿತು. ಯಾವ ಟೂರ್ ಪ್ಯಾಕೇಜಿನಲ್ಲಿ ಇಂಥದ್ದು ಸಿಗುತ್ತೆ ಹೇಳಿ?

ಈ ಊಟ ಈ ಜಾಗದಲ್ಲೇ ಇರುವುದಕ್ಕೆ ಕಾರಣವೂ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ. ಎರೆ ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ಇನ್ನು ಬನಶಂಕರಿ ಅಂದರೆ ಶಾಕಂಬರಿ. ನೂರು ವರ್ಷ ಮಳೆಯಿಲ್ಲದೆ ಜನ ಕಂಗಾಲಾದಾಗ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಬೆಳೆಸಿ ಎಲ್ಲರಿಗೂ ಉಣಿಸಿದ ತಾಯಿ ಎನ್ನುವುದು ಪುರಾಣದ ಕತೆ. ಜಾತ್ರೆಯ ಹೊತ್ತಿನ ಪಲ್ಲೇದ ಹಬ್ಬದಲ್ಲಿ 108 ಬಗೆಯ ತರಕಾರಿ ಅಡುಗೆ ಮಾಡಿ ದೇವಿಗೆ ನೈವೇದ್ಯ ಮಾಡುತ್ತಾರೆ. ಒಳಗೆ ದೇವಿಗೆ ಪಲ್ಯದ ಎಡೆ, ಹೊರಗೆ ಭಕ್ತರಿಗೆ ರೊಟ್ಟಿ ಪಲ್ಯ. ಮಳೆ ಕಡಿಮೆ ಇರುವ ನೆಲದ ಜನ ಊಟ ಹಾಕುವ ದೇವಿಯನ್ನು ಪೂಜಿಸುತ್ತಾರೆ, ಅವಳ ಗುಡಿ ಮುಂದೆ ಕೂತು ತಾವೂ ಊಟ ಹಾಕುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಗುಡಿ ಎದುರಿನ ಹರಿದ್ರಾ ತೀರ್ಥ ಎನ್ನುವ ಚೌಕದ ಹೊಂಡ ನೋಡದೆ ಬರಬೇಡಿ. ಒಂದೊಂದು ಬದಿ 360 ಅಡಿ, ಮೂರು ಕಡೆ ಕಲ್ಲುಕಂಬಗಳ ಸಾಲು ಮಂಟಪ. ಗುಡಿಯ ಮೂಲ ಚಾಲುಕ್ಯರ ಕಾಲದ್ದು, ಈಗಿನ ಕಟ್ಟಡ 18ನೇ ಶತಮಾನದ್ದು.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕೂರಲು ಸರಿಯಾದ ಜಾಗ ಇಲ್ಲ, ನೆಲದ ಮೇಲೋ ಕಟ್ಟೆ ಮೇಲೋ ಕೂರಬೇಕು. ಮಂಡಿ ನೋವಿರುವ ಹಿರಿಯರಿಗೆ ಇದು ನಿಜವಾಗಿ ಕಷ್ಟ, ಅಮ್ಮನಿಗೆ ಕಟ್ಟೆ ಹುಡುಕಿಕೊಡಬೇಕಾಯಿತು. ಕುಡಿಯುವ ನೀರು ನೀವೇ ಒಯ್ಯಿರಿ, ಕೈ ತೊಳೆಯಲೂ ಅದೇ ಆಗುತ್ತದೆ. ಕೋತಿಗಳಿವೆ, ಊಟ ಬಿಟ್ಟು ಫೋಟೋ ತೆಗೆಯಲು ತಿರುಗಿದರೆ ರೊಟ್ಟಿ ಹೋಯಿತು ಅಂತಲೇ ಲೆಕ್ಕ. ಸುತ್ತ ಪ್ಲಾಸ್ಟಿಕ್ ಕಸ ಬಿದ್ದಿರುತ್ತದೆ, ಅದು ನಮ್ಮಂತೆ ಬಂದು ಹೋಗುವವರು ಎಸೆದದ್ದು, ನೋಡಿದರೆ ಸಿಟ್ಟು ಬರುತ್ತದೆ. ಎಲ್ಲರ ಅಡುಗೆಯೂ ಒಂದೇ ಸಮ ಇರುವುದಿಲ್ಲ. ನನ್ನ ತಮ್ಮ ಇನ್ನೊಂದು ಕಡೆ ಕೂತ, ಅವನ ಕಾಳುಪಲ್ಯದಲ್ಲಿ ಉಪ್ಪು ಸ್ವಲ್ಪ ಮುಂದಾಗಿತ್ತು.

ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಮಸಾಲೆ ದೋಸೆ ಕಾಫಿಗೆ ಕೊಡುವುದಕ್ಕಿಂತ ಕಡಿಮೆಗೆ ಹೊಟ್ಟೆ ತುಂಬಿತು. ಕೂರುವ ಮೊದಲೇ ರೇಟು ಕೇಳಿಕೊಳ್ಳಿ, ಮೊಸರಿಗೆ ಬೇರೆಯೋ ಎಂದೂ ಕೇಳಿ, ಆಮೇಲೆ ಗೊಂದಲ ಇರುವುದಿಲ್ಲ. ಆದರೆ ದಯವಿಟ್ಟು ಚೌಕಾಸಿ ಮಾಡಬೇಡಿ. ನಮ್ಮ ಪಕ್ಕದಲ್ಲೇ ದೊಡ್ಡ ಕಾರಿನಲ್ಲಿ ಬಂದವರೊಬ್ಬರು ಹತ್ತು ರೂಪಾಯಿಗಾಗಿ ವಾದಕ್ಕಿಳಿದಿದ್ದರು, ನೋಡಿ ಸಂಕಟವಾಯಿತು. ಬೆಳಗಾಗುವ ಮೊದಲೇ ಒಲೆ ಮುಂದೆ ಕೂತು ಅಷ್ಟೊಂದು ರೊಟ್ಟಿ ಬಡಿದು, ಬುಟ್ಟಿ ತಲೆ ಮೇಲೆ ಹೊತ್ತು ತಂದವರ ಹತ್ತಿರವಾ ಹತ್ತು ರೂಪಾಯಿ ಉಳಿಸುವುದು? ಹಿಂದಿನ ರಾತ್ರಿ ಊರೊಳಗಿನ ಒಂದು ಹೋಟೆಲಿನಲ್ಲಿ ಜೋಳದ ರೊಟ್ಟಿ ಕೇಳಿದರೆ ಇಲ್ಲ ಎಂದರು, ತಂದೂರಿ ರೊಟ್ಟಿ ಪನೀರ್ ತಿಂದು ಇದರ ಎಷ್ಟೋ ಪಟ್ಟು ಬಿಲ್ ಕೊಟ್ಟೆವು, ಅಲ್ಲಿ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ.

ಯಾವಾಗ ಹೋಗಬೇಕು ಅಂದರೆ, ಗುಹೆಗಳನ್ನು ಬೆಳಿಗ್ಗೆ ಬಿಸಿಲೇರುವ ಮೊದಲೇ ಹತ್ತಿ ಇಳಿದು, ಮಧ್ಯಾಹ್ನದ ಊಟಕ್ಕೆ ಇಲ್ಲಿಗೆ ಬನ್ನಿ. ತಡ ಮಾಡಿದರೆ ಎಣ್ಣೆಗಾಯಿ ಖಾಲಿಯಾಗಿರುತ್ತದೆ. ಪಟ್ಟದಕಲ್ಲಿನಲ್ಲೂ ಹೀಗೆ ರೊಟ್ಟಿ, ಗಡಿಗೆ ಮೊಸರು ಮಾರುವವರು ಇರುತ್ತಾರೆ, ಬನಶಂಕರಿಗೆ ಹೋಗಲು ಆಗದಿದ್ದರೆ ಅಲ್ಲಿಯಾದರೂ ತಿನ್ನಿ. ಗದ್ದಲ ಆಗುವುದಿಲ್ಲ ಅನ್ನುವವರು ಬನದ ಹುಣ್ಣಿಮೆ ತೇರಿನ ಆಸುಪಾಸು ಬಿಟ್ಟು ಹೋಗಿ. ಅದು ಪುಷ್ಯ ಮಾಸದ ಹುಣ್ಣಿಮೆ, ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಆದರೆ ಗದ್ದಲ ಸಹಿಸುವ ಶಕ್ತಿ ಇದ್ದರೆ ಜಾತ್ರೆಗೇ ಹೋಗಿ ಎನ್ನುತ್ತೇನೆ, ಯಾಕೆಂದರೆ ಆಗ ನಾಟಕ ಕಂಪನಿಗಳು ಬಂದು ಟೆಂಟ್ ಹಾಕಿರುತ್ತವೆ, ಸಂಜೆ ರೊಟ್ಟಿ ಉಂಡು ರಾತ್ರಿ ನಾಟಕ ನೋಡಬಹುದು. ಮುಂದಿನ ಸಲ ನಾವು ಹೋಗುವುದು ಜಾತ್ರೆಗೇ. ವಾಪಸ್ ಬರುವಾಗ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬನ್ನಿ. ರೊಟ್ಟಿಯನ್ನು ಬ್ಯಾಗಿನ ತಳಕ್ಕೆ ಹಾಕಬೇಡಿ, ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿದುಕೊಳ್ಳಿ.